ಟಿಕ್ ಒಂದು ಪುಸ್ತಕಕ್ಕೆ, ಬಿದ್ದಿದ್ದು ಇನ್ನೊಂದಕ್ಕೆ: ಪ್ರಿಯಾಕ್ಟ್‌ನಲ್ಲಿ ಪಟ್ಟಿ ಪುಟ ಕಟ್ಟಿದ ಒಂದು ಪ್ರಕರಣ

ಒಂದು ಗ್ರಂಥಾಲಯದ ವೆಬ್‌ಸೈಟಿನಲ್ಲಿ ಪುಸ್ತಕಗಳ ಪಟ್ಟಿ ತೋರಿಸುವ ಪುಟವೊಂದಿತ್ತು. ಮೇಲೆ ಹುಡುಕುವ ಬಾಕ್ಸ್. ಪಕ್ಕದಲ್ಲಿ ಭಾಷೆ, ವಿಷಯ, ಪ್ರಕಟವಾದ ವರ್ಷದ ಫಿಲ್ಟರ್‌ಗಳು. ನಡುವೆ ದೊಡ್ಡ ಟೇಬಲ್. ಪ್ರತಿ ಸಾಲಿನಲ್ಲೂ ಒಂದು ಟಿಕ್ ಬಾಕ್ಸ್, ಎಷ್ಟು ಪ್ರತಿ ಬೇಕೆಂದು ಬರೆಯಲು ಚಿಕ್ಕ ಜಾಗ, ಒತ್ತಿದರೆ ಬಿಚ್ಚಿಕೊಳ್ಳುವ ವಿವರ. ಓದುಗರು ಬೇಕಾದವಕ್ಕೆ ಟಿಕ್ ಹಾಕುತ್ತಾರೆ, ಒಯ್ಯುವ ದಿನ ಆರಿಸುತ್ತಾರೆ, ಕೊನೆಗೆ ಕಾಯ್ದಿರಿಸುವ ಬಟನ್ ಒತ್ತುತ್ತಾರೆ. ತೀರಾ ಸಾಮಾನ್ಯ ಪುಟ. ಇಂಥದ್ದೊಂದನ್ನು ಬರೆಯದ ವೆಬ್ ಡೆವಲಪರ್ ಸಿಗುವುದು ಕಷ್ಟ.

ಈ ಪುಟವನ್ನು ಒಂದು ಚಿಕ್ಕ ತಂಡ ಪ್ರಿಯಾಕ್ಟ್ ಎಂಬ ಚಿಕ್ಕ ಫ್ರೇಮ್‌ವರ್ಕ್ (ಪುಟ ಕಟ್ಟಲು ನೆರವಾಗುವ ಸಿದ್ಧ ಕೋಡ್) ಬಳಸಿ ಹೊಸದಾಗಿ ಕಟ್ಟಿತು. ಕೆಲಸ ನಡೆಯುವಾಗ ಕೋಡ್ ನೋಡಿ ಅಭಿಪ್ರಾಯ ಹೇಳುವ ಜವಾಬ್ದಾರಿ ನನ್ನದಾಗಿತ್ತು. ಚಿಕ್ಕ ಫ್ರೇಮ್‌ವರ್ಕ್ ಹಾಕಿದರೆ ಪುಟ ಹಗುರಾಗುತ್ತದೆ ಎಂದು ಎಲ್ಲರೂ ಮಾತಾಡುತ್ತಿದ್ದರು. ಆದರೆ ಬಂದ ತೊಂದರೆಗಳಲ್ಲಿ ಮುಕ್ಕಾಲು ಪಾಲಿಗೂ ಕಿಲೋಬೈಟಿಗೂ ಸಂಬಂಧವೇ ಇರಲಿಲ್ಲ. ಒಂದೇ ಮಾಹಿತಿಗೆ ಇಬ್ಬರು ಯಜಮಾನರು ಇದ್ದ ಕಡೆಯೆಲ್ಲ ಪುಟ ಮುರಿಯಿತು. ಆ ಯಜಮಾನರನ್ನು ಒಬ್ಬೊಬ್ಬರನ್ನಾಗಿ ಹುಡುಕಿದ ಕಥೆ ಇದು.

ಹಳೆಯ ಪುಟ ಹೇಗಿತ್ತು

ಹಳೆಯ ಕೋಡ್ ನೇರವಾಗಿತ್ತು. ಫಿಲ್ಟರ್ ಬದಲಾದಾಗ ಸಾಲುಗಳ ಎಚ್‌ಟಿಎಂಎಲ್ ಅನ್ನು ಒಂದು ಉದ್ದ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಜೋಡಿಸುತ್ತಿತ್ತು. ಅದನ್ನು ಇನ್ನರ್‌ಎಚ್‌ಟಿಎಂಎಲ್‌ಗೆ, ಅಂದರೆ ಟೇಬಲ್ಲಿನ ಒಳಗಿನದನ್ನೆಲ್ಲ ಒಟ್ಟಿಗೆ ಬದಲಿಸುವ ಜಾಗಕ್ಕೆ, ಹಾಕುತ್ತಿತ್ತು. ಹಳೆಯ ಸಾಲುಗಳೆಲ್ಲ ಹೋಗಿ ಹೊಸವು ಬರುತ್ತಿದ್ದವು. ಅವುಗಳ ಜೊತೆಗೇ ಟಿಕ್, ಬರೆದ ಸಂಖ್ಯೆ, ತೆರೆದಿದ್ದ ವಿವರ, ಕೀಬೋರ್ಡ್ ಫೋಕಸ್ ಎಲ್ಲವೂ ಹೋಗುತ್ತಿತ್ತು.

ಇದನ್ನು ತಪ್ಪಿಸಲು ಕಾಲಕಾಲಕ್ಕೆ ತೇಪೆ ಹಾಕಿದ್ದರು. ಅಳಿಸುವ ಮೊದಲು ಟಿಕ್‌ಗಳನ್ನು ಓದಿಟ್ಟುಕೊಳ್ಳುವುದು, ಕಟ್ಟಿದ ಮೇಲೆ ಮತ್ತೆ ಹಾಕುವುದು, ಹೀಗೆ. ‘ಇಷ್ಟು ಪುಸ್ತಕ ಆರಿಸಿದ್ದೀರಿ’ ಎಂದು ಮೇಲೆ ತೋರಿಸುವ ಸಂಖ್ಯೆಯನ್ನು ಕೋಡಿನ ಬೇರೆ ಬೇರೆ ಮೂಲೆಗಳಲ್ಲಿ ಲೆಕ್ಕ ಹಾಕುತ್ತಿದ್ದರು. ಒಂದು ಮೂಲೆ ಮರೆತರೆ ಸಂಖ್ಯೆ ತಪ್ಪು. ಯಾವ ಪುಸ್ತಕ ಆರಿಸಿದ್ದಾರೆ ಎಂಬ ಸತ್ಯ ಇದ್ದದ್ದು ಚೆಕ್‌ಬಾಕ್ಸಿನೊಳಗೆ ಮಾತ್ರ. ತೆರೆಯ ಮೇಲೆ ಇಲ್ಲದ ಪುಸ್ತಕ ಆರಿಸಿದ ಪುಸ್ತಕವೇ ಅಲ್ಲ ಎಂದಂತಾಯಿತು.

ಸ್ಟ್ರಿಂಗ್ ಜೋಡಿಸುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಪುಸ್ತಕದ ಹೆಸರಿನಲ್ಲೇ ಕೋನ ಆವರಣದ ಚಿಹ್ನೆ ಬಂದರೆ ಬ್ರೌಸರ್ ಅದನ್ನು ಟ್ಯಾಗ್ ಎಂದುಕೊಳ್ಳುತ್ತದೆ. ಕೆಟ್ಟ ಉದ್ದೇಶದವರಿಗೆ ಅದು ತೆರೆದ ಬಾಗಿಲು.

ಪ್ರಿಯಾಕ್ಟ್ ಏಕೆ

ಆಯ್ಕೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಏಕೆಂದರೆ ಎರಡು ಕಟ್ಟುಪಾಡುಗಳು ಮೊದಲೇ ಇದ್ದವು.

ಒಂದು, ಬಿಲ್ಡ್ ಹಂತ ಬೇಡ, ಅಂದರೆ ಬರೆದ ಕೋಡನ್ನು ಬ್ರೌಸರಿಗೆ ಕೊಡುವ ಮೊದಲು ಇನ್ನೊಂದು ಸಾಧನದಿಂದ ಮಾರ್ಪಡಿಸುವ ಕೆಲಸ ಬೇಡ. ಸೈಟನ್ನು ಮುಂದೆ ನೋಡಿಕೊಳ್ಳುವವರು ಸರ್ವರ್ ಕಡೆಯವರು. ಫೈಲ್ ತೆರೆದು, ತಿದ್ದಿ, ಉಳಿಸಿದರೆ ಕೆಲಸ ಮಾಡಬೇಕು. ಫೈಲ್‌ಗಳನ್ನು ಒಟ್ಟುಗೂಡಿಸುವ ಬಂಡ್ಲರ್, ಅದರ ಕಾನ್ಫಿಗರೇಶನ್, ಪ್ರತಿ ವರ್ಷ ಅದನ್ನು ಅಪ್‌ಡೇಟ್ ಮಾಡುವ ತಲೆನೋವು ಅವರಿಗೆ ಬೇಕಿರಲಿಲ್ಲ. ಸ್ವೆಲ್ಟ್ ಎಂಬ ಫ್ರೇಮ್‌ವರ್ಕ್ ಇಲ್ಲೇ ಹೊರಗೆ ಹೋಯಿತು, ಅದಕ್ಕೆ ಕೋಡನ್ನು ಮಾರ್ಪಡಿಸುವ ಕಂಪೈಲರ್ ಬೇಕೇ ಬೇಕು.

ಎರಡು, ಸೈಟಿನ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ (ಪುಟದಲ್ಲಿ ಯಾವ ಕೋಡ್ ಓಡಬಹುದೆಂದು ಬ್ರೌಸರಿಗೆ ಹೇಳುವ ನಿಯಮ) ಬಿಗಿಯಾಗಿತ್ತು. ಸ್ಟ್ರಿಂಗನ್ನು ಕೋಡ್ ಆಗಿ ಓಡಿಸಲು ಅದು ಬಿಡುವುದಿಲ್ಲ. ವ್ಯೂ ಎಂಬ ಇನ್ನೊಂದು ಫ್ರೇಮ್‌ವರ್ಕನ್ನು ಬಿಲ್ಡ್ ಇಲ್ಲದೆ ಬಳಸಬಹುದು, ನಿಜ. ಆದರೆ ಆಗ ಟೆಂಪ್ಲೇಟನ್ನು ಬ್ರೌಸರಿನಲ್ಲೇ ಕಂಪೈಲ್ ಮಾಡಬೇಕು, ಅದಕ್ಕೆ ಈ ಪಾಲಿಸಿ ಅಡ್ಡ ಬರುತ್ತದೆ. ಆಲ್ಪೈನ್ ಎಂಬ ಮತ್ತೊಂದರ ಸಾಮಾನ್ಯ ಆವೃತ್ತಿಗೂ ಇದೇ ಪಾಡು.

ಉಳಿದದ್ದು ಪ್ರಿಯಾಕ್ಟ್ ಮತ್ತು ಎಚ್‌ಟಿಎಂ ಜೋಡಿ. ಪ್ರಿಯಾಕ್ಟ್ ಅನ್ನು ಜೇಸನ್ ಮಿಲ್ಲರ್ 2015ರಲ್ಲಿ ಶುರು ಮಾಡಿದರು. ರಿಯಾಕ್ಟ್ ಎಂಬ ಹೆಸರಾದ, ದೊಡ್ಡ ಫ್ರೇಮ್‌ವರ್ಕಿನ ಬರವಣಿಗೆಯ ರೀತಿಯನ್ನೇ ಇಟ್ಟುಕೊಂಡು ಸುಮಾರು 3 ಕಿಲೋಬೈಟಿನಲ್ಲಿ ಮುಗಿಸುವುದು ಅದರ ಗುರಿ. ಹುಕ್ಸ್ (ಫಂಕ್ಷನ್‌ಗಳಿಗೆ ನೆನಪಿನಂಥ ಸೌಲಭ್ಯ ಕೊಡುವ ದಾರಿ) ಸೇರಿದ್ದು 2019ರಲ್ಲಿ ಬಂದ ಪ್ರಿಯಾಕ್ಟ್ ಎಕ್ಸ್‌ನಲ್ಲಿ. ಎಚ್‌ಟಿಎಂ ಎಂಬುದು ಜೆಎಸ್‌ಎಕ್ಸ್‌ಗೆ, ಅಂದರೆ ಜಾವಾಸ್ಕ್ರಿಪ್ಟ್ ಒಳಗೇ ಎಚ್‌ಟಿಎಂಎಲ್‌ನಂತೆ ಬರೆಯುವ ರೀತಿಗೆ, ಬದಲಿ. ಜಾವಾಸ್ಕ್ರಿಪ್ಟ್‌ನ ಟ್ಯಾಗ್ ಹಾಕಿದ ಟೆಂಪ್ಲೇಟ್ ಸ್ಟ್ರಿಂಗ್‌ಗಳನ್ನೇ ಬಳಸುವುದರಿಂದ ಕಂಪೈಲರ್ ಬೇಡ, ಸ್ಟ್ರಿಂಗನ್ನು ಕೋಡ್ ಮಾಡುವ ಕೆಲಸವೂ ಇಲ್ಲ. ಅದರ ಗಾತ್ರ 1 ಕಿಲೋಬೈಟಿಗಿಂತ ಕಮ್ಮಿ. ಎರಡೂ ಸೇರಿದ ಒಂದೇ ಫೈಲ್ ಸಿಗುತ್ತದೆ. ಅದನ್ನು ಸರ್ವರಿನಲ್ಲಿಟ್ಟು ಮಾಡ್ಯೂಲ್ ಆಗಿ ಇಂಪೋರ್ಟ್ ಮಾಡಿದರೆ ಮುಗಿಯಿತು. ಹೋಲಿಕೆಗೆ ಹೇಳುವುದಾದರೆ ರಿಯಾಕ್ಟ್ 18ರಲ್ಲಿ ಪುಟ ತಿದ್ದುವ ಭಾಗ ಗಿಜಿಪ್ ಆಗಿ ಕುಗ್ಗಿದ ಮೇಲೂ 40 ಕಿಲೋಬೈಟ್ ದಾಟುತ್ತದೆ.

ಒಳಗೆ ನಡೆಯುವುದನ್ನು ಚುಟುಕಾಗಿ ಹೇಳುತ್ತೇನೆ, ಮುಂದಿನದು ಅರ್ಥವಾಗಲು ಬೇಕು. ಕಾಂಪೊನೆಂಟ್ ಎಂದರೆ ಒಂದು ಫಂಕ್ಷನ್. ಅದು ನಿಜವಾದ ಡಾಮ್ ನೋಡ್, ಅಂದರೆ ಬ್ರೌಸರ್ ಪುಟವನ್ನು ಇಟ್ಟುಕೊಂಡಿರುವ ಮರದ ಒಂದು ತುಣುಕು, ಕೊಡುವುದಿಲ್ಲ. ‘ಇಲ್ಲೊಂದು ಸಾಲು, ಅದರೊಳಗೆ ಇಷ್ಟು ಕೋಶ’ ಎಂದು ವಿವರಿಸುವ ಸಾದಾ ಆಬ್ಜೆಕ್ಟ್‌ಗಳನ್ನು ಕೊಡುತ್ತದೆ. ಸ್ಟೇಟ್, ಅಂದರೆ ಕಾಂಪೊನೆಂಟ್ ನೆನಪಿಟ್ಟುಕೊಂಡ ಮಾಹಿತಿ, ಬದಲಾದಾಗ ಫಂಕ್ಷನ್ ಮತ್ತೆ ಓಡಿ ಹೊಸ ವಿವರಣೆ ಬರುತ್ತದೆ. ಪ್ರಿಯಾಕ್ಟ್ ಹಳೆಯದನ್ನೂ ಹೊಸದನ್ನೂ ಹೋಲಿಸಿ, ವ್ಯತ್ಯಾಸ ಇರುವಷ್ಟನ್ನೇ ಡಾಮ್‌ನಲ್ಲಿ ತಿದ್ದುತ್ತದೆ. ಪಠ್ಯವನ್ನು ಪಠ್ಯವಾಗಿಯೇ ಹಾಕುವುದರಿಂದ ಆ ತೆರೆದ ಬಾಗಿಲಿನ ಭಯವೂ ಇಲ್ಲ.

ಈ ತಿದ್ದುಪಡಿ ಆ ಕ್ಷಣವೇ ಆಗುವುದಿಲ್ಲ ಎಂಬುದನ್ನು ಗಮನಿಸಬೇಕು. ಬದಲಾವಣೆಗಳನ್ನು ಸರದಿಯಲ್ಲಿಟ್ಟು, ಈಗಿನ ಕೋಡ್ ಮುಗಿದ ಮೇಲೆ ಮೈಕ್ರೊಟಾಸ್ಕ್‌ನಲ್ಲಿ ಒಟ್ಟಿಗೆ ಮಾಡುತ್ತದೆ. ಸ್ಟೇಟ್ ಬದಲಿಸಿದ ಮುಂದಿನ ಸಾಲಿನಲ್ಲೇ ಡಾಮ್ ಓದಿದರೆ ಹಳೆಯದೇ ಸಿಗುತ್ತದೆ. ಹಳೆಯ ಕೋಡಿನ ಅಭ್ಯಾಸ ಇದ್ದವರು ಇಲ್ಲಿ ಸುಮ್ನೆ ತಲೆ ಕೆಡಿಸಿಕೊಂಡರು.

ಜಾರುವ ಟಿಕ್

ಮೊದಲ ಆವೃತ್ತಿ ಚೆನ್ನಾಗಿ ಕಾಣುತ್ತಿತ್ತು. ಫೋಕಸ್ ಹೋಗುತ್ತಿರಲಿಲ್ಲ, ಸ್ಕ್ರೋಲ್ ಜಿಗಿಯುತ್ತಿರಲಿಲ್ಲ. ಪರೀಕ್ಷೆ ಮಾಡುತ್ತಿದ್ದವರು ಪಟ್ಟಿಯ ಮೂರನೇ ಪುಸ್ತಕಕ್ಕೆ ಟಿಕ್ ಹಾಕಿದರು, ಆಮೇಲೆ ಭಾಷೆಯ ಫಿಲ್ಟರ್ ಬದಲಿಸಿದರು. ಪಟ್ಟಿ ಬದಲಾಯಿತು. ಟಿಕ್ ಮಾತ್ರ ಮೂರನೇ ಸಾಲಿನಲ್ಲೇ ಕೂತಿತ್ತು. ಆದರೆ ಮೂರನೇ ಸಾಲಿನಲ್ಲಿ ಈಗ ಬೇರೆ ಪುಸ್ತಕ. ಬಟನ್ ಒತ್ತಿದರೆ ಅದೇ ಕಾಯ್ದಿರಿಸಲ್ಪಡುತ್ತಿತ್ತು.

ಕಾರಣ ಸರಳ. ಪ್ರತಿ ಸಾಲಿನ ಕಾಂಪೊನೆಂಟ್ ತನ್ನ ಟಿಕ್ ಅನ್ನು ತನ್ನದೇ ಸ್ಟೇಟ್‌ನಲ್ಲಿ ಇಟ್ಟುಕೊಂಡಿತ್ತು. ಸಾಲುಗಳಿಗೆ ಕೀ, ಅಂದರೆ ಒಂದೊಂದನ್ನೂ ಗುರುತಿಸುವ ಹೆಸರು, ಕೊಟ್ಟಿರಲಿಲ್ಲ. ಕೀ ಇಲ್ಲದಿದ್ದರೆ ಪ್ರಿಯಾಕ್ಟ್ ಹಳೆಯ ಮತ್ತು ಹೊಸ ಪಟ್ಟಿಯನ್ನು ಜಾಗ ನೋಡಿ ಹೊಂದಿಸುತ್ತದೆ. ಹಳೆಯ ಮೂರನೆಯದು ಹೊಸ ಮೂರನೆಯದಾಗುತ್ತದೆ. ಪುಸ್ತಕದ ಹೆಸರನ್ನು ಬದಲಿಸುತ್ತದೆ, ಸ್ಟೇಟ್ ಹಾಗೇ ಉಳಿಸುತ್ತದೆ. ರೈಲಿನಲ್ಲಿ ಸೀಟ್ ನಂಬರ್ ನೋಡಿ ಊಟ ಕೊಟ್ಟಂತೆ. ಪ್ರಯಾಣಿಕರು ಸೀಟು ಬದಲಿಸಿಕೊಂಡಿದ್ದರೆ ಊಟ ಬೇರೆಯವರ ಪಾಲು.

ಆಗ ಪುಸ್ತಕದ ಮೇಲೆ ಅಚ್ಚಾಗುವ ಐಎಸ್‌ಬಿಎನ್ ನಂಬರನ್ನು ಕೀ ಮಾಡಿದರು. ಟಿಕ್ ಜಾರುವುದು ನಿಂತಿತು. ನಿಂತಿತು ಎಂದುಕೊಂಡರು. ಪ್ರಕಟಣೆಯ ವರ್ಷದ ಫಿಲ್ಟರನ್ನು ಹಿಂದಕ್ಕೆ ಎಳೆದಾಗ ಮತ್ತೆ ಶುರು, ಅದೂ ಹಳೆಯ ಪುಸ್ತಕಗಳಲ್ಲಿ ಮಾತ್ರ. ಐಎಸ್‌ಬಿಎನ್ ಅಂತರರಾಷ್ಟ್ರೀಯ ಮಾನಕವಾದದ್ದು 1970ರಲ್ಲಿ. ಅದಕ್ಕೂ ಮುಂಚೆ ಅಚ್ಚಾದ ಪುಸ್ತಕದಲ್ಲಿ ಆ ನಂಬರ್ ಎಲ್ಲಿಂದ ಬರಬೇಕು? ಡೇಟಾದಲ್ಲಿ ಆ ಜಾಗ ಖಾಲಿ. ಖಾಲಿ ಕೀ ಎಂದರೆ ಕೀ ಇಲ್ಲದಂತೆಯೇ, ಹಾಗಾಗಿ ಆ ಸಾಲುಗಳನ್ನು ಮತ್ತೆ ಜಾಗ ನೋಡಿಯೇ ಹೊಂದಿಸುತ್ತಿತ್ತು. ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಇಷ್ಟವಾದ ದೋಷ ಇದು. ಕೋಡ್ ನೋಡಿದರೆ ಏನೂ ತಪ್ಪಿಲ್ಲ, ತಪ್ಪು ಇದ್ದದ್ದು ಪುಸ್ತಕಗಳ ಇತಿಹಾಸದಲ್ಲಿ. ಕೊನೆಗೆ ಗ್ರಂಥಾಲಯವೇ ಪ್ರತಿ ದಾಖಲೆಗೆ ಕೊಟ್ಟ ನಂಬರನ್ನು ಕೀ ಮಾಡಿದರು. ಅದು ಖಾಲಿ ಇರುವುದಿಲ್ಲ, ಎರಡು ದಾಖಲೆಗೆ ಒಂದೇ ಇರುವುದೂ ಇಲ್ಲ.

ಇಷ್ಟಾದ ಮೇಲೂ ಸಮಸ್ಯೆ ಪೂರ್ತಿ ಮುಗಿದಿರಲಿಲ್ಲ. ಸರಿಯಾದ ಕೀ ಕೊಟ್ಟರೆ, ಫಿಲ್ಟರಿನಲ್ಲಿ ಹೊರಗೆ ಹೋದ ಸಾಲು ನಿಜವಾಗಿಯೇ ಹೊರಗೆ ಹೋಗುತ್ತದೆ. ಕಾಂಪೊನೆಂಟ್ ಹೋಯಿತು, ಅದರ ಸ್ಟೇಟೂ ಹೋಯಿತು. ಫಿಲ್ಟರ್ ವಾಪಸ್ ತಂದರೆ ಪುಸ್ತಕ ಬರುತ್ತದೆ, ಟಿಕ್ ಬರುವುದಿಲ್ಲ. ತಪ್ಪು ಪುಸ್ತಕಕ್ಕೆ ಬೀಳುವುದಕ್ಕಿಂತ ಇದು ವಾಸಿ, ಆದರೂ ಓದುಗರಿಗೆ ಇದು ಮೋಸದಂತೆಯೇ ಕಾಣುತ್ತದೆ.

ಯಾವುದು ಯಾರ ಕೈಯಲ್ಲಿ

ಇಲ್ಲಿ ತಂಡ ಕೋಡ್ ಬರೆಯುವುದನ್ನು ನಿಲ್ಲಿಸಿ ಪುಟದ ಮೇಲಿರುವ ಬದಲಾಗುವ ಸಂಗತಿಗಳನ್ನೆಲ್ಲ ಬರೆದುಕೊಂಡಿತು. ಪ್ರತಿಯೊಂದಕ್ಕೂ ಕೇಳಿದ ಪ್ರಶ್ನೆ ಒಂದೇ: ಇದು ಎಲ್ಲಿಯವರೆಗೆ ಬದುಕಿರಬೇಕು?

ಫಿಲ್ಟರ್ ಮತ್ತು ಹುಡುಕುವ ಪದ: ಲಿಂಕ್ ಬೇರೆಯವರಿಗೆ ಕಳಿಸಿದರೂ ಉಳಿಯಬೇಕು. ಹಾಗಾದರೆ ಅದರ ಜಾಗ ಯುಆರ್‌ಎಲ್. ಫಿಲ್ಟರ್ ಬದಲಿಸಿದಾಗ ಬ್ರೌಸರಿನ ಹಿಸ್ಟರಿಗೆ ಹೊಸ ನಮೂದು ಸೇರಿಸುವುದು, ಅಕ್ಷರ ಟೈಪ್ ಮಾಡುವಾಗ ಇರುವ ನಮೂದನ್ನೇ ಬದಲಿಸುವುದು. ಇಲ್ಲದಿದ್ದರೆ ಒಂದು ಪದ ಹುಡುಕಿದವರು ವಾಪಸ್ ಹೋಗಲು ಬ್ಯಾಕ್ ಬಟನ್ನನ್ನು ಅಕ್ಷರಕ್ಕೊಂದು ಸಲ ಒತ್ತಬೇಕಾಗುತ್ತದೆ. ಬ್ಯಾಕ್ ಒತ್ತಿದಾಗ ಯುಆರ್‌ಎಲ್ ಓದಿ ಸ್ಟೇಟ್ ಬದಲಿಸುವುದು. ಯಾವಾಗಲೂ ಯುಆರ್‌ಎಲ್ ಹೇಳಿದ್ದೇ ಸತ್ಯ.

ಆರಿಸಿದ ಪುಸ್ತಕಗಳು: ಫಿಲ್ಟರ್ ಏನೇ ಆದರೂ ಉಳಿಯಬೇಕು. ಹಾಗಾಗಿ ಸಾಲಿನಿಂದ ತೆಗೆದು ಪುಟದ ಮೇಲಿನ ಕಾಂಪೊನೆಂಟಿಗೆ ಕೊಟ್ಟರು. ದಾಖಲೆ ನಂಬರಿನಿಂದ ಪುಸ್ತಕದ ಹೆಸರು ಮತ್ತು ಪ್ರತಿಗಳ ಸಂಖ್ಯೆಗೆ ಒಂದು ಮ್ಯಾಪ್, ಅಂದರೆ ಜೋಡಿಗಳ ಪಟ್ಟಿ. ಹೆಸರೂ ಯಾಕೆ? ಆ ಸಾಲು ತೆರೆಯ ಮೇಲೆ ಇಲ್ಲದಾಗಲೂ ‘ನೀವು ಆರಿಸಿದ್ದು’ ಎಂಬ ಕಡೆ ತೋರಿಸಬೇಕಲ್ಲ. ಟಿಕ್ ಬಾಕ್ಸ್ ಈಗ ಸುಮ್ಮನೆ ಆ ಮ್ಯಾಪನ್ನು ತೋರಿಸುವ ಕನ್ನಡಿ. ಮೇಲಿನ ಸಂಖ್ಯೆ ಎಂದರೆ ಮ್ಯಾಪಿನ ಗಾತ್ರ, ಅಷ್ಟೇ. ಮೂಲೆ ಮೂಲೆಯಲ್ಲಿ ಲೆಕ್ಕ ಹಾಕುವ ಕೋಡ್ ಪೂರ್ತಿ ಮಾಯವಾಯಿತು.

ಒಂದು ಸಣ್ಣ ಎಡವಟ್ಟು ಇಲ್ಲಿ ಬಹಳ ಜನರಿಗೆ ಆಗುತ್ತದೆ. ಇದ್ದ ಮ್ಯಾಪಿಗೇ ಹೊಸ ನಮೂದು ಸೇರಿಸಿ, ಅದನ್ನೇ ಮತ್ತೆ ಸ್ಟೇಟ್ ಆಗಿ ಕೊಟ್ಟರೆ ಪುಟ ಅಲುಗಾಡುವುದಿಲ್ಲ. ಪ್ರಿಯಾಕ್ಟ್ ಹೊಸ ಮೌಲ್ಯ ಹಳೆಯದೇ ಆಬ್ಜೆಕ್ಟ್ ಹೌದೋ ಅಲ್ಲವೋ ಎಂದಷ್ಟೇ ನೋಡುತ್ತದೆ, ಒಳಗೆ ಇಣುಕುವುದಿಲ್ಲ. ಪ್ರತಿ ಸಲ ಹಳೆಯದರಿಂದ ಹೊಸ ಮ್ಯಾಪ್ ಮಾಡಿ ಕೊಡಬೇಕು.

ವಿವರ ಬಿಚ್ಚಿದೆಯೋ ಮುಚ್ಚಿದೆಯೋ: ಇದು ಸಾಲಿನ ಸ್ವಂತ ವಿಷಯ. ಸಾಲು ಹೋದರೆ ಇದೂ ಹೋಗಲಿ. ಸಾಲಿನ ಸ್ಟೇಟ್‌ನಲ್ಲೇ ಬಿಟ್ಟರು. ಎಲ್ಲವನ್ನೂ ಮೇಲಕ್ಕೆ ಹೊತ್ತು ಹಾಕುವ ಚಟ ಕೆಲವರಿಗೆ ಇರುತ್ತದೆ, ಅದು ಬೇಡ.

ಫೋಕಸ್, ಸ್ಕ್ರೋಲ್, ಅರ್ಧ ಟೈಪ್ ಮಾಡಿದ ಅಕ್ಷರ: ಇವು ಬ್ರೌಸರಿನವು. ಮುಟ್ಟದೆ ಬಿಡುವುದೇ ಸರಿ.

ಪುಸ್ತಕ ಶೆಲ್ಫಿನಲ್ಲಿ ಇದೆಯೋ ಇಲ್ಲವೋ: ಸರ್ವರಿನದು. ಪುಟದಲ್ಲಿ ಇರುವುದು ಅದರ ನಕಲು, ಹಳೆಯದಾಗಿರಬಹುದಾದ ನಕಲು.

ಈ ಪಟ್ಟಿ ಮಾಡಿದ ಮೇಲೆ ಕೋಡ್ ಅರ್ಧಕ್ಕರ್ಧ ತಾನಾಗಿ ಬರೆದುಕೊಂಡಿತು ಎಂದರೆ ತಪ್ಪಲ್ಲ.

ಎರಡು ಕಡೆ ಬರೆದ ಟೇಬಲ್

ಸರ್ವರ್ ಜಾವಾಸ್ಕ್ರಿಪ್ಟ್‌ನದ್ದಲ್ಲ. ಮೊದಲ ಪಟ್ಟಿಯನ್ನು ಅದು ತನ್ನ ಟೆಂಪ್ಲೇಟಿನಿಂದ ಎಚ್‌ಟಿಎಂಎಲ್ ಮಾಡಿ ಕಳಿಸುತ್ತದೆ. ಸ್ಕ್ರಿಪ್ಟ್ ಬರುವ ಮುಂಚೆಯೇ ಓದುಗರಿಗೆ ಪುಸ್ತಕಗಳು ಕಾಣುತ್ತವೆ. ಸ್ಕ್ರಿಪ್ಟ್ ಬರದೇ ಹೋದರೂ ಫಿಲ್ಟರ್ ಒಂದು ಸಾದಾ ಫಾರ್ಮ್ ಆಗಿ ಕೆಲಸ ಮಾಡುತ್ತದೆ. ಒಳ್ಳೆಯ ನಿರ್ಧಾರ. ಆದರೆ ಇದರಿಂದ ಒಂದೇ ಟೇಬಲ್ಲನ್ನು ಇಬ್ಬರು ಬರೆದಂತಾಯಿತು: ಸರ್ವರಿನ ಟೆಂಪ್ಲೇಟ್ ಒಬ್ಬ, ಪ್ರಿಯಾಕ್ಟ್ ಕಾಂಪೊನೆಂಟ್ ಇನ್ನೊಬ್ಬ.

ಶುರುವಿನಲ್ಲಿ ಹೈಡ್ರೇಟ್ ಬಳಸಿದರು. ಇರುವ ಎಚ್‌ಟಿಎಂಎಲ್ ಅನ್ನು ಹಾಗೇ ಒಪ್ಪಿಕೊಂಡು ಅದಕ್ಕೆ ಈವೆಂಟ್‌ಗಳನ್ನು (ಒತ್ತಿದಾಗ, ಬರೆದಾಗ ಓಡಬೇಕಾದ ಕೋಡನ್ನು) ಜೋಡಿಸುವ ದಾರಿ ಅದು. ಪುಟ ತೆರೆದಾಗ ಟೇಬಲ್ ಒಂದು ಸಲ ಮಿಣುಕುತ್ತಿತ್ತು. ಎರಡೂ ಕಡೆ ಬರೆದದ್ದು ಒಂದೇ: ಟೇಬಲ್, ಅದರೊಳಗೆ ನೇರವಾಗಿ ಸಾಲುಗಳು. ಹಾಗಾದರೆ ಯಾಕೆ?

ಮೂರನೆಯ ಒಬ್ಬ ಇದ್ದ, ಬ್ರೌಸರಿನ ಎಚ್‌ಟಿಎಂಎಲ್ ಪಾರ್ಸರ್. ಟೇಬಲ್ಲಿನೊಳಗೆ ನೇರವಾಗಿ ಸಾಲು ಕಂಡರೆ ಪಾರ್ಸರ್ ನಡುವೆ ತಾನೇ ಒಂದು ಟಿಬಾಡಿ ಟ್ಯಾಗ್ ಸೇರಿಸುತ್ತದೆ. ಸ್ಕ್ರಿಪ್ಟ್ ಮೂಲಕ ನೋಡ್ ಕಟ್ಟುವಾಗ ಹಾಗೆ ಸೇರಿಸುವವರು ಯಾರೂ ಇಲ್ಲ. ಪ್ರಿಯಾಕ್ಟ್ ಟೇಬಲ್ಲಿನೊಳಗೆ ಸಾಲು ಹುಡುಕಿತು, ಟಿಬಾಡಿ ಸಿಕ್ಕಿತು. ಹೊಂದಲಿಲ್ಲ. ಇದ್ದದ್ದನ್ನು ತೆಗೆದು ಹೊಸದಾಗಿ ಕಟ್ಟಿತು. ಎರಡೂ ಕಡೆ ಟಿಬಾಡಿಯನ್ನು ಕೈಯಾರೆ ಬರೆದ ಮೇಲೆ ಮಿಣುಕುವುದು ನಿಂತಿತು.

ಅದರ ಬೆನ್ನಿಗೇ ಇನ್ನೊಂದು. ಇಂದು ವಾಪಸ್ ಬರಬೇಕಾದ ಪುಸ್ತಕದ ಸಾಲಿಗೆ ಬೇರೆ ಬಣ್ಣ. ಕೆಲವರಿಗೆ ಅಕ್ಷರದಲ್ಲಿ ‘ಇಂದು’ ಎಂದಿದೆ, ಬಣ್ಣ ಮಾತ್ರ ನಾಳೆಯದು. ಸರ್ವರ್ ತನ್ನ ಗಡಿಯಾರದಲ್ಲಿ ಲೆಕ್ಕ ಹಾಕುತ್ತಿತ್ತು, ಪುಟ ಓದುಗರ ಫೋನಿನ ಗಡಿಯಾರದಲ್ಲಿ. ಹೈಡ್ರೇಟ್ ಮಾಡುವಾಗ ಪ್ರಿಯಾಕ್ಟ್ ಸಮಯ ಉಳಿಸಲು ಆಟ್ರಿಬ್ಯೂಟ್‌ಗಳನ್ನು, ಅಂದರೆ ಟ್ಯಾಗಿನ ಮೇಲೆ ಬರೆದ ಗುಣಗಳನ್ನು, ಹೋಲಿಸುವುದಿಲ್ಲ. ಅಕ್ಷರ ಸರಿಯಾಯಿತು, ಬಣ್ಣದ ಕ್ಲಾಸ್ ಹಳೆಯದೇ ಉಳಿಯಿತು.

ಇದಕ್ಕೆ ಎರಡು ಮದ್ದು. ದಿನದ ತೀರ್ಮಾನವನ್ನು ಸರ್ವರಿಗೇ ಬಿಟ್ಟು, ಅದು ಹೇಳಿದ್ದನ್ನೇ ಪುಟ ತೋರಿಸುವಂತೆ ಮಾಡಿದರು. ಜೊತೆಗೆ ಹೈಡ್ರೇಟ್ ಬದಲು ಮಾಮೂಲಿ ರೆಂಡರ್ ಬಳಸಿದರು. ಪ್ರಿಯಾಕ್ಟ್‌ನ ರೆಂಡರ್ ಈಗಾಗಲೇ ಏನೋ ಇರುವ ಜಾಗಕ್ಕೆ ಬಂದರೂ, ಹೊಂದುವ ನೋಡ್‌ಗಳನ್ನು ಮರುಬಳಕೆ ಮಾಡಿ ಆಟ್ರಿಬ್ಯೂಟ್‌ಗಳನ್ನೂ ತಿದ್ದುತ್ತದೆ. ಕೆಲಸ ಸ್ವಲ್ಪ ಜಾಸ್ತಿ. ಐವತ್ತು ಸಾಲಿನ ಪಟ್ಟಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಸರ್ವರೂ ಬ್ರೌಸರೂ ಒಂದೇ ಕೋಡ್ ಓಡಿಸದ ಕಡೆ ಹೈಡ್ರೇಟ್ ಬಳಸುವುದು ನನ್ನ ಮಟ್ಟಿಗೆ ಬೇಡದ ಜೂಜು.

ಐವತ್ತು ಸಾಲು ಎಂದೆ. ಮೊದಲು ಐವತ್ತು ಇರಲಿಲ್ಲ.

ಭಾರ ಇದ್ದದ್ದು ಎಲ್ಲಿ

ಮೊದಲ ಯೋಚನೆಯಲ್ಲಿ ಪೂರ್ತಿ ಪಟ್ಟಿಯನ್ನೇ ಜೇಸನ್ ಎಂಬ ಡೇಟಾ ರೂಪದಲ್ಲಿ ಪುಟದಲ್ಲಿ ತುಂಬಿ, ಫಿಲ್ಟರ್ ಕೆಲಸವನ್ನೆಲ್ಲ ಬ್ರೌಸರಿನಲ್ಲೇ ಮಾಡುವುದೆಂದಿತ್ತು. ಸರ್ವರಿಗೆ ಹೋಗುವುದೇ ಬೇಡ, ಎಲ್ಲ ತಕ್ಷಣ ಎಂಬ ಲೆಕ್ಕ. ಪಟ್ಟಿಯಲ್ಲಿ ಸಾವಿರಾರು ಶೀರ್ಷಿಕೆಗಳು. 5,000 ದಾಖಲೆ, ಒಂದಕ್ಕೆ 200 ಬೈಟ್ ಎಂದು ಹಿಡಿದರೂ 10 ಲಕ್ಷ ಬೈಟ್ ಆಯಿತು. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟಿಗೆ (ಅಕ್ಷರದ ಬಿಡಿ ಚಿಹ್ನೆಗೆ) 3 ಬೈಟ್ ಬೇಕು, ಆದ್ದರಿಂದ 200 ಎನ್ನುವುದು ದೊಡ್ಡ ಅಂದಾಜೇನೂ ಅಲ್ಲ. ಕಂಪ್ರೆಸ್ ಆದಮೇಲೆ ಇಳಿಯುತ್ತದೆ, ಸರಿ. ಆದರೂ ಫ್ರೇಮ್‌ವರ್ಕ್‌ನಲ್ಲಿ ಕಿಲೋಬೈಟ್ ಲೆಕ್ಕದಲ್ಲಿ ಉಳಿಸಿ ಡೇಟಾದಲ್ಲಿ ನೂರಾರು ಸುರಿದಂತೆ. ಬ್ರೌಸರ್ ಸರ್ವರಿನೊಡನೆ ಮಾಡುವ ಹೊಸ ಟಿಸಿಪಿ ಸಂಪರ್ಕದಲ್ಲಿ ಮೊದಲ ಸುತ್ತಿಗೆ ಸಾಮಾನ್ಯವಾಗಿ 10 ಪ್ಯಾಕೆಟ್, ಅಂದರೆ ಸುಮಾರು 14 ಕಿಲೋಬೈಟ್ ಮಾತ್ರ ಬರುತ್ತದೆ. ಉಳಿದದ್ದು ಮುಂದಿನ ಸುತ್ತುಗಳಿಗೆ ಕಾಯಬೇಕು.

ಬಂದ ಮೇಲಿನ ಕೆಲಸ ಇನ್ನೂ ಭಾರ. ಹುಡುಕುವ ಬಾಕ್ಸಿನಲ್ಲಿ ಒಂದು ಅಕ್ಷರ ಒತ್ತಿದರೆ ಸಾವಿರಾರು ಸಾಲುಗಳ ವಿವರಣೆ ಮತ್ತೆ ತಯಾರಾಗಿ, ಒಂದೊಂದೂ ಹೋಲಿಕೆಯಾಗಬೇಕು. ಸಾಲಿಗೆ ಆರೇಳು ನೋಡ್ ಎಂದರೂ ಸಂಖ್ಯೆ ಎಷ್ಟಕ್ಕೆ ಏರುತ್ತದೆ ನೋಡಿ. ಒತ್ತಿದ್ದಕ್ಕೂ ತೆರೆ ಬದಲಾಗುವುದಕ್ಕೂ ನಡುವಿನ ಸಮಯವನ್ನು ಅಳೆಯುವ ಐಎನ್‌ಪಿ ಎಂಬ ಮಾಪನ 2024ರ ಮಾರ್ಚ್‌ನಿಂದ ಪುಟದ ಗುಣ ಅಳೆಯುವ ಗೂಗಲ್‌ನ ಕೋರ್ ವೆಬ್ ವೈಟಲ್ಸ್‌ನಲ್ಲಿ ಸೇರಿದೆ. ಅದರ ಪ್ರಕಾರ 200 ಮಿಲಿಸೆಕೆಂಡಿನೊಳಗೆ ಇದ್ದರೆ ಚೆನ್ನು, 500 ದಾಟಿದರೆ ಕಳಪೆ. ಹಳೆಯ ಫೋನಿನಲ್ಲಿ ಈ ಪುಟ ಕಣ್ಣಿಗೆ ಕಾಣುವಷ್ಟು ತಡವರಿಸುತ್ತಿತ್ತು.

ಬದಲಾಗದ ಸಾಲನ್ನು ಮತ್ತೆ ತಯಾರಿಸದಂತೆ ಮೆಮೊ ಹಾಕೋಣ, ತೆರೆಯ ಮೇಲೆ ಕಾಣುವ ಸಾಲುಗಳನ್ನಷ್ಟೇ ಕಟ್ಟೋಣ ಎಂದೆಲ್ಲ ಚರ್ಚೆಯಾಯಿತು. ಎಲ್ಲವೂ ಮಾಡಬಹುದಾದದ್ದೇ. ಆದರೆ ಸಾವಿರಾರು ಪುಸ್ತಕಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದುವ ಓದುಗ ಯಾರು? ಹುಡುಕುವ ಕೆಲಸವನ್ನು ಡೇಟಾಬೇಸ್ ಇರುವ ಕಡೆಗೇ, ಅಂದರೆ ಸರ್ವರಿಗೆ ಬಿಟ್ಟರು. ಒಂದು ಸಲಕ್ಕೆ 50 ಸಾಲು, ಕೆಳಗೆ ‘ಇನ್ನಷ್ಟು ತೋರಿಸು’ ಬಟನ್. ಸ್ಕ್ರಿಪ್ಟ್ ಇಲ್ಲದಾಗ ಫಾರ್ಮ್ ಹೋಗುವ ವಿಳಾಸವೇ ಇದಕ್ಕೂ ಸಾಕಾಯಿತು.

ಈಗ ಉತ್ತರಗಳು ಹಿಂದುಮುಂದಾಗಿ ಬರುವ ಸಾಧ್ಯತೆ ಹುಟ್ಟಿತು. ‘ಮರ’ ಎಂದು ಹುಡುಕಿದ ಉತ್ತರ ನಿಧಾನವಾಗಿ ಬಂದು, ಆಗಲೇ ಬಂದಿದ್ದ ‘ಮರಳು’ ಉತ್ತರದ ಮೇಲೆ ಕೂರಬಹುದು. ಇದಕ್ಕೆ ಯೂಸ್‌ಎಫೆಕ್ಟ್ ಎಂಬ ಹುಕ್ ಹೇಳಿ ಮಾಡಿಸಿದಂತಿದೆ. ಹುಡುಕುವ ಪದ ಬದಲಾದಾಗಲೆಲ್ಲ ಅದರ ಹಿಂದಿನ ಸಲದ ಸ್ವಚ್ಛತಾ ಫಂಕ್ಷನ್ ಓಡುತ್ತದೆ. ಅಲ್ಲಿ ಹಳೆಯ ಕೋರಿಕೆಯನ್ನು ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡಿದರೆ ಸಾಕು. ಅಕ್ಷರ ಒತ್ತಿದ ತಕ್ಷಣ ಕೇಳದೆ ಕ್ಷಣ ಕಾಯುವ ಟೈಮರೂ ಅದೇ ಜಾಗದಲ್ಲಿ.

ರಿಯಾಕ್ಟ್ ಉದಾಹರಣೆಗಳ ನಂಟು

ಇದು ಚಿಕ್ಕ ವಿಷಯ, ಆದರೆ ಪ್ರಿಯಾಕ್ಟ್‌ಗೆ ಬರುವ ಬಹುತೇಕರು ಇಲ್ಲಿ ಒಮ್ಮೆ ಎಡವುತ್ತಾರೆ. ಹುಡುಕುವ ಬಾಕ್ಸಿಗೆ ಆನ್‌ಚೇಂಜ್ ಎಂಬ ಈವೆಂಟ್ ಹಾಕಿದ್ದರು. ಟೈಪ್ ಮಾಡಿದರೆ ಏನೂ ಆಗದು, ಬಾಕ್ಸಿನಿಂದ ಹೊರಗೆ ಒತ್ತಿದಾಗ ಮಾತ್ರ ಹುಡುಕುತ್ತದೆ. ರಿಯಾಕ್ಟ್ ತನ್ನದೇ ಈವೆಂಟ್ ಪದರ ಇಟ್ಟುಕೊಂಡಿದೆ, ಅಲ್ಲಿ ಆನ್‌ಚೇಂಜ್ ಪ್ರತಿ ಅಕ್ಷರಕ್ಕೂ ಓಡುತ್ತದೆ. ಪ್ರಿಯಾಕ್ಟ್ ಬ್ರೌಸರಿನ ಈವೆಂಟನ್ನೇ ನೇರವಾಗಿ ಬಳಸುತ್ತದೆ, ಬ್ರೌಸರಿನ ಚೇಂಜ್ ಬರೆದು ಮುಗಿಸಿದ ಮೇಲೆ ಬರುತ್ತದೆ. ಆನ್‌ಇನ್‌ಪುಟ್ ಎಂದು ಬದಲಿಸಿದರೆ ಸರಿ. ರಿಯಾಕ್ಟ್‌ನಂತೆಯೇ ನಡೆಯಬೇಕೆಂದರೆ ಕಂಪ್ಯಾಟ್ ಪದರವಿದೆ, ಇಲ್ಲಿ ಬೇಕಾಗಲಿಲ್ಲ.

ಪ್ರತಿಗಳ ಸಂಖ್ಯೆಯ ಬಾಕ್ಸಿನಲ್ಲಿ ಇದಕ್ಕಿಂತ ನವಿರಾದ ತೊಡಕು. ಅಂಕಿ ಅಲ್ಲದ್ದನ್ನು ಒತ್ತಿದರೆ ಕೋಡ್ ಅದನ್ನು ಕಿತ್ತು, ಹಳೆಯ ಸಂಖ್ಯೆಯನ್ನೇ ಸ್ಟೇಟ್ ಆಗಿ ಕೊಡುತ್ತಿತ್ತು. ಸ್ಟೇಟ್ ಬದಲಾಗಲಿಲ್ಲ, ಆದ್ದರಿಂದ ಮತ್ತೆ ರೆಂಡರ್ ಆಗಲಿಲ್ಲ, ಆದ್ದರಿಂದ ಒತ್ತಿದ ಅಕ್ಷರ ಬಾಕ್ಸಿನಲ್ಲೇ ಉಳಿಯಿತು. ತೆರೆಯಲ್ಲಿ ‘2ಕ’, ಸ್ಟೇಟ್‌ನಲ್ಲಿ 2. ಹ್ಯಾಂಡ್ಲರ್ ಒಳಗೇ ಬಾಕ್ಸಿನ ಮೌಲ್ಯವನ್ನು ಕೈಯಾರೆ ತಿದ್ದಿ ಸರಿಪಡಿಸಿದರು. ನನಗಿದ್ದ ಸಲಹೆ ಬೇರೆ: ಟೈಪ್ ಮಾಡುವಾಗ ಅಡ್ಡ ಹೋಗಬೇಡಿ, ಬರೆದು ಮುಗಿಸಿದ ಮೇಲೆ ತಪ್ಪಿದ್ದರೆ ಪಕ್ಕದಲ್ಲಿ ಹೇಳಿ. ಐಎಂಇ (ಒತ್ತಿದ ಕೀಲಿಗಳನ್ನು ಕೂಡಿಸಿ ಕನ್ನಡದಂಥ ಅಕ್ಷರ ಮಾಡುವ ತಂತ್ರಾಂಶ) ಮೂಲಕ ಟೈಪ್ ಮಾಡುವವರ ಬಾಕ್ಸನ್ನು ನಡುವೆ ತಿದ್ದಿದರೆ ಅಕ್ಷರ ಕೂಡಿಬರುವುದೇ ಕೆಡುತ್ತದೆ. ಸಂಖ್ಯೆಯ ಬಾಕ್ಸಿನಲ್ಲಿ ಆ ಪ್ರಶ್ನೆ ಇಲ್ಲ ಎಂದು ತಂಡ ತನ್ನ ದಾರಿಯನ್ನೇ ಉಳಿಸಿಕೊಂಡಿತು. ಇರಲಿ.

ಅನುವಾದ ಒತ್ತಿದವರ ಪುಟ

ಪುಟ ಬಳಕೆಗೆ ಬಂದ ಮೇಲೆ ಒಂದು ವಿಚಿತ್ರ ದೂರು ಬಂತು. ಟಿಕ್ ಹಾಕುತ್ತಾ ಹೋದರೂ ಮೇಲಿನ ಸಂಖ್ಯೆ ಬದಲಾಗುವುದಿಲ್ಲ. ತಂಡದವರ ಯಾವ ಕಂಪ್ಯೂಟರಿನಲ್ಲೂ ಹಾಗಾಗಲಿಲ್ಲ. ದೂರು ಕೊಟ್ಟವರು ಪುಟವನ್ನು ಕ್ರೋಮ್‌ನ ಅನುವಾದದಲ್ಲಿ ಓದುತ್ತಿದ್ದರು ಎಂಬುದು ಗೊತ್ತಾಗುವವರೆಗೆ ಎಲ್ಲವೂ ಕತ್ತಲೆ.

ಅನುವಾದ ಮಾಡುವಾಗ ಬ್ರೌಸರ್ ಪಠ್ಯದ ನೋಡ್‌ಗಳನ್ನು ತೆಗೆದು, ಅವುಗಳ ಜಾಗದಲ್ಲಿ ಫಾಂಟ್ ಎಂಬ ಹಳೆಯ ಟ್ಯಾಗಿನೊಳಗೆ ಅನುವಾದಿಸಿದ ಪಠ್ಯ ಇಡುತ್ತದೆ. ಪ್ರಿಯಾಕ್ಟ್ ಕೈಯಲ್ಲಿರುವುದು ಹಳೆಯ ಪಠ್ಯ ನೋಡ್. ಅದು ಈಗ ಪುಟದಲ್ಲೇ ಇಲ್ಲ. ಪ್ರಿಯಾಕ್ಟ್ ಶ್ರದ್ಧೆಯಿಂದ ಅದರಲ್ಲೇ ಸಂಖ್ಯೆ ತಿದ್ದುತ್ತಿತ್ತು, ಯಾರಿಗೂ ಕಾಣದಂತೆ. ಇದು ಪ್ರಿಯಾಕ್ಟ್‌ನ ದೋಷವಲ್ಲ. ಡಾಮ್ ನೋಡನ್ನು ನೆನಪಿಟ್ಟು ತಿದ್ದುವ ಎಲ್ಲ ಫ್ರೇಮ್‌ವರ್ಕ್‌ಗೂ ಇದು ಕಾಡುತ್ತದೆ. ರಿಯಾಕ್ಟ್ ಪುಟಗಳಂತೂ ಇದರಿಂದ ಎರರ್ ಬಂದು ನಿಂತೇ ಹೋಗುವುದುಂಟು.

ಪರಿಹಾರ ಮತ್ತೆ ಕೀ! ಸಂಖ್ಯೆಯನ್ನು ಸ್ಪ್ಯಾನ್ ಎಂಬ ಟ್ಯಾಗಿನ ಒಳಗಿಟ್ಟು, ಆ ಸ್ಪ್ಯಾನ್‌ಗೆ ಸಂಖ್ಯೆಯನ್ನೇ ಕೀ ಕೊಟ್ಟರು. ಸಂಖ್ಯೆ ಬದಲಾದರೆ ಕೀ ಬದಲಾಗುತ್ತದೆ, ಇಡೀ ಸ್ಪ್ಯಾನ್ ಹೋಗಿ ಹೊಸದು ಬರುತ್ತದೆ, ಹಳೆಯ ನೋಡಿನ ಹಂಗೇ ಇಲ್ಲ. ಆದರೆ ಆ ಕೀಯನ್ನು ಒಂದು ಮಟ್ಟ ಮೇಲೆ ಹಾಕಿದ್ದರೆ ಬೇರೆ ಕಡೆ ಮುರಿಯುತ್ತಿತ್ತು. ಈ ಸಂಖ್ಯೆಯನ್ನು ಸ್ಕ್ರೀನ್ ರೀಡರ್ (ಕಣ್ಣು ಕಾಣದವರಿಗೆ ತೆರೆಯನ್ನು ಓದುವ ತಂತ್ರಾಂಶ) ಓದಿ ಹೇಳಲೆಂದು ಹೊರಗಿನ ಡಿವ್ ಟ್ಯಾಗಿಗೆ ಸ್ಟೇಟಸ್ ಎಂಬ ರೋಲ್ ಕೊಟ್ಟಿದ್ದಾರೆ. ಅಂಥ ಜಾಗ ಮೊದಲೇ ಪುಟದಲ್ಲಿ ಇದ್ದು, ಅದರ ಒಳಗಿನದು ಬದಲಾದರೆ ಮಾತ್ರ ರೀಡರ್ ನಂಬಿಕೆಯಿಂದ ಓದುತ್ತದೆ. ಜಾಗವೇ ಹೊಸದಾಗಿ ಹುಟ್ಟಿದರೆ ಎಷ್ಟೋ ಸಲ ಮೌನ. ಹಾಗಾಗಿ ಡಿವ್ ಕದಲಬಾರದು, ಒಳಗಿನ ಸ್ಪ್ಯಾನ್ ಬದಲಾಗಬೇಕು.

ದಿನ ಆರಿಸುವ ಕ್ಯಾಲೆಂಡರ್ ಬೇರೆಯವರು ಬರೆದ ಹಳೆಯ ವಿಜೆಟ್. ರಜಾ ದಿನಗಳನ್ನು ಅದರಲ್ಲಿ ಗುರುತಿಸಿದ್ದರಿಂದ ಬಿಡುವಂತಿರಲಿಲ್ಲ. ಪ್ರಿಯಾಕ್ಟ್ ಅದಕ್ಕೊಂದು ಖಾಲಿ ಡಿವ್ ಕೊಡುತ್ತದೆ, ಮಕ್ಕಳೂ ಇಲ್ಲ, ಬದಲಾಗುವ ಕ್ಲಾಸೂ ಇಲ್ಲ. ಯೂಸ್‌ಎಫೆಕ್ಟ್‌ನಲ್ಲಿ ಒಮ್ಮೆ ವಿಜೆಟ್ ಶುರು, ಪುಟದಿಂದ ಹೋಗುವಾಗ ಅದರ ನಾಶ. ಆ ಡಿವ್‌ನೊಳಗೆ ಇಣುಕುವಂತಿಲ್ಲ ಎಂಬ ಒಂದು ಕಾಮೆಂಟನ್ನು ಕೋಡಿನಲ್ಲಿ ದಪ್ಪಗೆ ಬರೆದಿದ್ದಾರೆ.

ರೀಲೋಡ್ ಮತ್ತು ಎರಡು ಟ್ಯಾಬ್

ಕೊನೆಗೆ ಉಳಿದದ್ದು ಆರಿಸಿದ ಪುಸ್ತಕಗಳ ಮ್ಯಾಪ್. ರೀಲೋಡ್ ಆದರೆ ಅದು ಹೋಗುತ್ತದೆ. ಬ್ರೌಸರಿನಲ್ಲೇ ಇರುವ ಸೆಶನ್ ಸ್ಟೋರೇಜ್ ಎಂಬ ಜಾಗದಲ್ಲಿ ಇಡೋಣ ಎಂದರು, ಇಟ್ಟರು. ಅದು ಟ್ಯಾಬಿಗೊಂದು. ಆದರೆ ಟ್ಯಾಬನ್ನು ನಕಲು ಮಾಡಿದರೆ ಅದೂ ನಕಲಾಗುತ್ತದೆ, ಅಲ್ಲಿಂದ ಮುಂದೆ ಎರಡೂ ತಮ್ಮ ತಮ್ಮ ದಾರಿ. ಒಂದು ಟ್ಯಾಬಿನಲ್ಲಿ ಕಾಯ್ದಿರಿಸಿದ ಪುಸ್ತಕ ಇನ್ನೊಂದರಲ್ಲಿ ಇನ್ನೂ ಟಿಕ್ ಹಾಕಿಕೊಂಡೇ ಇರುತ್ತದೆ.

ಎರಡು ಟ್ಯಾಬ್‌ಗಳನ್ನು ಮಾತಾಡಿಸುವ ಬ್ರಾಡ್‌ಕಾಸ್ಟ್ ಚಾನೆಲ್ ಹಾಕುವ ಮಾತು ಬಂತು, ಬೇಡವೆಂದಾಯಿತು. ಬೇರೆ ಓದುಗರು ಅದೇ ಪುಸ್ತಕ ಕಾಯ್ದಿರಿಸಿದರೆ ಆ ಚಾನೆಲ್ ಏನೂ ಹೇಳುವುದಿಲ್ಲ ಅಲ್ವಾ? ಪುಸ್ತಕ ಇದೆಯೋ ಇಲ್ಲವೋ ಎಂಬುದು ಸರ್ವರಿನ ವಿಷಯ ಎಂದು ಪಟ್ಟಿಯಲ್ಲಿ ಆಗಲೇ ಬರೆದಾಗಿತ್ತು. ಅದಕ್ಕೇ ಕಾಯ್ದಿರಿಸುವ ಬಟನ್ ಒತ್ತಿದಾಗ ಸರ್ವರ್ ಈಗ ಒಟ್ಟಿಗೆ ‘ಆಯಿತು’ ಅಥವಾ ‘ಇಲ್ಲ’ ಎನ್ನುವುದಿಲ್ಲ, ಪುಸ್ತಕಕ್ಕೊಂದು ಉತ್ತರ ಕೊಡುತ್ತದೆ. ಸಿಕ್ಕಿದ್ದು ಮ್ಯಾಪಿನಿಂದ ಹೊರಗೆ ಹೋಗುತ್ತದೆ. ಸಿಗದಿದ್ದು ಅಲ್ಲೇ ಉಳಿದು, ಅದರ ಪಕ್ಕದಲ್ಲಿ ಕಾರಣ ಕಾಣುತ್ತದೆ. ನೀವೇ ಆಗಲೇ ಕಾಯ್ದಿರಿಸಿದ್ದರೆ ಹಾಗೆಂದೇ ಹೇಳುತ್ತದೆ, ಎರಡನೇ ಸಲ ಕಾಯ್ದಿರಿಸುವುದಿಲ್ಲ. ಟ್ಯಾಬ್‌ಗಳು ಎಷ್ಟಿದ್ದರೂ ಈಗ ಅದು ತೊಂದರೆಯಲ್ಲ.